ಶ್ವಾಸಕೋಶದ ಒಂದು ಭಾಗ ತೆಗೆದ ಮೇಲೆ ಉಸಿರು ಎಷ್ಟು ಉಳಿಯುತ್ತದೆ? ಸ್ಕ್ಯಾನ್ ನೋಡಿ ಮೊದಲೇ ಹಾಕುವ ಲೆಕ್ಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆಪರೇಷನ್‌ಗೆ ಮೊದಲೇ ಉಸಿರಿನ ಲೆಕ್ಕ ಹಾಕುವುದು ಅಂದರೆ ಏನು?

ಎರಡು ಸಂಖ್ಯೆಗಳ ಗುಣಾಕಾರ, ಅಷ್ಟೆ. ಇವತ್ತು ನಿಮ್ಮ ಎರಡೂ ಶ್ವಾಸಕೋಶ ಸೇರಿ ಎಷ್ಟು ಕೆಲಸ ಮಾಡುತ್ತಿವೆ ಎನ್ನುವುದು ಮೊದಲನೆಯದು. ಕತ್ತರಿಸಿ ತೆಗೆದ ಮೇಲೆ ಅದರಲ್ಲಿ ಎಷ್ಟು ಪಾಲು ಉಳಿಯುತ್ತದೆ ಎನ್ನುವುದು ಎರಡನೆಯದು. ಮೊದಲನೆಯದನ್ನು ಊದುವ ಯಂತ್ರ, ಅಂದರೆ ಸ್ಪೈರೋಮೀಟರ್ ಹೇಳುತ್ತದೆ. ಎರಡನೆಯದನ್ನು ಚಿತ್ರ ಹೇಳುತ್ತದೆ.

ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿಗೆ ಎಫ್‌ಇವಿ1 ಎನ್ನುತ್ತಾರೆ. ಆಪರೇಷನ್ ನಂತರ ಅದು ಎಷ್ಟಿರಬಹುದು ಎಂಬ ಅಂದಾಜನ್ನು ವೈದ್ಯರು ಬಾಯಿಮಾತಿನಲ್ಲಿ ‘ಪಿಪಿಓ ಎಫ್‌ಇವಿ1’ ಎನ್ನುತ್ತಾರೆ, ರಿಪೋರ್ಟಿನಲ್ಲೂ ಹಾಗೆಯೇ ಬರೆದಿರುತ್ತದೆ. ಈ ಪುಟದಲ್ಲಿ ಪಿಪಿಓ ಎಂದಾಗಲೆಲ್ಲ ಅದೇ ಅಂದಾಜು.

ಸ್ಕ್ಯಾನ್ ಎಷ್ಟೇ ದುಬಾರಿಯದಾದರೂ ಅದು ಕೊಡುವುದು ಪಾಲನ್ನು ಮಾತ್ರ. ಊದುವ ಪರೀಕ್ಷೆ ಕೆಟ್ಟರೆ ಯಾವ ಸ್ಕ್ಯಾನೂ ಅದನ್ನು ಸರಿಪಡಿಸುವುದಿಲ್ಲ. ನಾವು ನೋಡುವ ತಪ್ಪು ಲೆಕ್ಕಗಳಲ್ಲಿ ಬಹಳಷ್ಟು ಮೊದಲ ಸಂಖ್ಯೆಯಲ್ಲೇ ತಪ್ಪಿರುತ್ತವೆ. ಜನ ಮಾತ್ರ ಅನುಮಾನ ಪಡುವುದು ಸ್ಕ್ಯಾನ್ ಮೇಲೆ.

ಸ್ಕ್ಯಾನ್ ಇಲ್ಲದೆ ಸೆಗ್ಮೆಂಟ್ ಎಣಿಸಿ ಲೆಕ್ಕ ಹಾಕುತ್ತಾರಲ್ಲ, ಅದು ಸಾಲದೆ?

ಎಷ್ಟೋ ಜನರಿಗೆ ಸಾಕು. ಶ್ವಾಸಕೋಶದ ದೊಡ್ಡ ಭಾಗಕ್ಕೆ ಹಾಲೆ ಎನ್ನುತ್ತಾರೆ, ಹಾಲೆಯೊಳಗಿನ ಸಣ್ಣ ಭಾಗಕ್ಕೆ ಸೆಗ್ಮೆಂಟ್. ಬಲ ಶ್ವಾಸಕೋಶಕ್ಕೆ ಮೂರು ಹಾಲೆ: ಮೇಲಿನದರಲ್ಲಿ 3 ಸೆಗ್ಮೆಂಟ್, ನಡುವಿನದರಲ್ಲಿ 2, ಕೆಳಗಿನದರಲ್ಲಿ 5. ಎಡಕ್ಕೆ ಎರಡೇ ಹಾಲೆ: ಮೇಲೆ 5, ಕೆಳಗೆ 4. ಒಟ್ಟು 19. ಬಲ ಮೇಲಿನ ಹಾಲೆ ತೆಗೆದರೆ 3 ಹೋಗುತ್ತದೆ, 16 ಉಳಿಯುತ್ತದೆ. ಹಾಗಾಗಿ ಇವತ್ತಿನ ಎಫ್‌ಇವಿ1 ಅನ್ನು 16/19ರಿಂದ ಗುಣಿಸುತ್ತಾರೆ. ಕೆಲವು ಕಡೆ ಇನ್ನೂ ಸಣ್ಣದಾಗಿ ಒಡೆದು 42 ಉಪಸೆಗ್ಮೆಂಟ್ ಎಣಿಸುತ್ತಾರೆ: ಬಲದಲ್ಲಿ ಮೇಲಿನಿಂದ ಕೆಳಕ್ಕೆ 6, 4, 12, ಎಡದಲ್ಲಿ 10, 10. ತತ್ವ ಒಂದೇ.

ಈ ಎಣಿಕೆಯಲ್ಲಿ ಎಲ್ಲ ಸೆಗ್ಮೆಂಟೂ ಸರಿಸಮಾನವಾಗಿ ದುಡಿಯುತ್ತದೆ ಎಂಬ ನಂಬಿಕೆ ಅಡಗಿದೆ. ಬೀಡಿ ಸೇದಿ ಮೇಲಿನ ಹಾಲೆಗಳು ತೂತು ತೂತಾದವರಲ್ಲಿ, ಹಳೆಯ ಕ್ಷಯದಿಂದ ಒಂದು ಕಡೆ ಸುಟ್ಟು ಸುಕ್ಕಾದವರಲ್ಲಿ, ಗೆಡ್ಡೆ ಶ್ವಾಸನಾಳ ಮುಚ್ಚಿ ಹಾಲೆಯೇ ಕುಸಿದವರಲ್ಲಿ ಆ ನಂಬಿಕೆ ಸುಳ್ಳು. ಚಿತ್ರ ಬೇಕಾಗುವುದು ಅಲ್ಲಿ.

ಮುಚ್ಚಿದ ಸೆಗ್ಮೆಂಟ್‌ಗಳನ್ನು ಮಾತ್ರ ಸಾಧಾರಣ ಸಿ.ಟಿ. ನೋಡಿಯೇ ಲೆಕ್ಕದಿಂದ ಬಿಡಬಹುದು, ಬಿಡಲೇಬೇಕು. ಎಫ್‌ಇವಿ1 1.50 ಲೀಟರ್ ಇರುವವರಿಗೆ ಬಲ ಮೇಲಿನ ಹಾಲೆ ಪೂರ್ತಿ ಕುಸಿದಿದೆ, ಮೇಲಿನ ಮತ್ತು ನಡುವಿನ ಹಾಲೆ ಎರಡನ್ನೂ ತೆಗೆಯಬೇಕು ಎಂದುಕೊಳ್ಳಿ. ಕಣ್ಣುಮುಚ್ಚಿ 19ರಲ್ಲಿ 5 ಕಳೆದರೆ 1.50 × 14/19 = 1.11 ಲೀಟರ್. ಆದರೆ ಕುಸಿದ 3 ಸೆಗ್ಮೆಂಟ್ ಇವತ್ತಿನ 1.50 ಲೀಟರ್‌ನಲ್ಲಿ ಪಾಲುದಾರರೇ ಅಲ್ಲ. ದುಡಿಯುತ್ತಿರುವುದು 16, ಅದರಲ್ಲಿ ಹೋಗುವುದು 2, ಉಳಿಯುವುದು 14. 1.50 × 14/16 = 1.31 ಲೀಟರ್. ಅದೇ ಮನುಷ್ಯ, ಅದೇ ಆಪರೇಷನ್, 200 ಮಿ.ಲೀ. ವ್ಯತ್ಯಾಸ.

ಊದುವ ಪರೀಕ್ಷೆ ಸರಿಯಾಗಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ?

ರಿಪೋರ್ಟಿನಲ್ಲಿ ಸಂಖ್ಯೆಗಿಂತ ಮೊದಲು ಗೆರೆ ನೋಡಿ. ಸರಿಯಾಗಿ ಊದಿದರೆ ಫ್ಲೋ–ವಾಲ್ಯೂಮ್ ಗೆರೆ ಬೆಟ್ಟದ ಕೋಡಿನ ಹಾಗೆ ಥಟ್ಟನೆ ಏರಿ ಆಮೇಲೆ ಇಳಿಯಬೇಕು. ಗುಂಡಗೆ ನಿಧಾನವಾಗಿ ಏರಿದ್ದರೆ ಶುರುವಿನಲ್ಲೇ ಅಳುಕಿದ್ದಾರೆ ಎಂದರ್ಥ. ನಡುವೆ ಹಲ್ಲಿನಂತೆ ಕಚ್ಚು ಬಿದ್ದಿದ್ದರೆ ಕೆಮ್ಮಿದ್ದಾರೆ. ಒಪ್ಪುವಂಥ ಊದು ಕನಿಷ್ಠ ಮೂರು ಇರಬೇಕು, ಅವುಗಳಲ್ಲಿ ಅತ್ಯುತ್ತಮ ಎರಡರ ನಡುವೆ 150 ಮಿ.ಲೀ.ಗಿಂತ ಹೆಚ್ಚು ಅಂತರ ಇರಬಾರದು. ‘ಊದಿ, ಊದಿ, ಇನ್ನೂ, ಇನ್ನೂ, ಬಿಡಬೇಡಿ’ ಎಂದು ಟೆಕ್ನಿಷಿಯನ್ ಕೂಗುವುದು ಒರಟುತನವಲ್ಲ, ಪರೀಕ್ಷೆಯ ಭಾಗ. ಪಿಸುಮಾತಿನಲ್ಲಿ ಹೇಳುವ ಟೆಕ್ನಿಷಿಯನ್ ಸಿಕ್ಕರೆ ನಿಮ್ಮ ಎಫ್‌ಇವಿ1 ಕಡಿಮೆ ಬರುತ್ತದೆ.

ಪಿಪಿಓ ಲೆಕ್ಕಕ್ಕೆ ಬೇಕಾಗಿರುವುದು ಶ್ವಾಸನಾಳ ಹಿಗ್ಗಿಸುವ ಔಷಧಿ ಕೊಟ್ಟ ನಂತರದ ಸಂಖ್ಯೆ. ಸಾಲ್ಬ್ಯುಟಮಾಲ್ 400 ಮೈಕ್ರೋಗ್ರಾಂ, ಅಂದರೆ 100ರ ನಾಲ್ಕು ಪಫ್, ಸ್ಪೇಸರ್ ಹಾಕಿ ಕೊಟ್ಟು ಕನಿಷ್ಠ 15 ನಿಮಿಷ ಬಿಟ್ಟು ಮತ್ತೆ ಊದಿಸಬೇಕು. ಶೀತ, ಕಫ, ಜ್ವರ ಇರುವಾಗ ಮಾಡಿಸಿದ ಪರೀಕ್ಷೆಯನ್ನು ಇಟ್ಟುಕೊಂಡು ‘ನಿಮಗೆ ಆಪರೇಷನ್ ಆಗೋದಿಲ್ಲ’ ಎಂದು ತೀರ್ಮಾನಿಸುವುದು ಅನ್ಯಾಯ.

‘ಶೇ. 60’ ಅಂತ ಬರೆದಿದ್ದಾರೆ. ಯಾವುದರ ಶೇ. 60?

ನಿಮ್ಮ ವಯಸ್ಸು, ಎತ್ತರ, ಲಿಂಗದ ಆರೋಗ್ಯವಂತರಲ್ಲಿ ಇರಬೇಕಾದ ಮಟ್ಟದ ಶೇ. 60. ಆ ‘ಇರಬೇಕಾದ ಮಟ್ಟ’ವನ್ನು ಯಾವ ಸೂತ್ರದಿಂದ ತೆಗೆದಿದ್ದಾರೆ ಎನ್ನುವುದು ನಮ್ಮವರ ಮಟ್ಟಿಗೆ ದೊಡ್ಡ ಪ್ರಶ್ನೆ. ಯುರೋಪಿಯನ್ನರ ಅಳತೆಯ ಮೇಲೆ ಮಾಡಿದ ಸೂತ್ರ ಹಾಕಿದರೆ ಭಾರತೀಯರ ಶೇಕಡಾ ಕಡಿಮೆ ಕಾಣುತ್ತದೆ. 1.50 ಲೀಟರ್ ಊದುವವರಿಗೆ ಒಂದು ಸೂತ್ರ 2.50 ಲೀಟರ್ ಇರಬೇಕು ಎಂದರೆ ಶೇ. 60, ಇನ್ನೊಂದು 2.15 ಸಾಕು ಎಂದರೆ ಶೇ. 70. ಶ್ವಾಸಕೋಶ ಬದಲಾಗಿಲ್ಲ, ಭಾಜಕ ಬದಲಾಗಿದೆ.

2012ರ ಜಿಎಲ್‌ಐ (ಗ್ಲೋಬಲ್ ಲಂಗ್ ಫಂಕ್ಷನ್ ಇನಿಷಿಯೇಟಿವ್, ಹಲವು ದೇಶಗಳ ಅಳತೆ ಸೇರಿಸಿ ಮಾಡಿದ್ದು) ಸೂತ್ರದಲ್ಲಿ ಭಾರತೀಯರಿಗೆ ಪ್ರತ್ಯೇಕ ಗುಂಪೇ ಇರಲಿಲ್ಲ. ಜನಾಂಗ ನೋಡದೆ ಎಲ್ಲರಿಗೂ ಒಂದೇ ಎನ್ನುವ ಜಿಎಲ್‌ಐ ಗ್ಲೋಬಲ್ ಸೂತ್ರವನ್ನು ಬಳಸಬೇಕೆಂದು ಅಮೆರಿಕದ ಥೊರಾಸಿಕ್ ಸೊಸೈಟಿ 2023ರಲ್ಲಿ ಹೇಳಿತು. ಯಂತ್ರದಲ್ಲಿ ಯಾವುದನ್ನು ಆರಿಸಿದ್ದಾರೆ ಎನ್ನುವುದು ರಿಪೋರ್ಟಿನ ಮೇಲುಗಡೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಎರಡು ಆಸ್ಪತ್ರೆಯ ಶೇಕಡಾ ಹೋಲಿಸುವ ಮುನ್ನ ಅದನ್ನು ಓದಿ. ಎತ್ತರ ಅಳೆದು ಹಾಕಿದ್ದಾರೋ ಬಾಯಲ್ಲಿ ಕೇಳಿ ಹಾಕಿದ್ದಾರೋ ಅದನ್ನೂ ವಿಚಾರಿಸಿ.

‘ಒಂದು ಹಾಲೆ ತೆಗೆಯಲು 1.5 ಲೀಟರ್, ಇಡೀ ಶ್ವಾಸಕೋಶಕ್ಕೆ 2 ಲೀಟರ್ ಬೇಕು’ ಎಂಬ ಹಳೆಯ ನಿಯಮ ಇನ್ನೂ ಕೆಲವರ ಬಾಯಲ್ಲಿದೆ. ನಾಲ್ಕು ಅಡಿ ಹತ್ತು ಇಂಚಿನ ಅರವತ್ತೈದರ ಹೆಂಗಸಿಗೆ ಸಹಜ ಮಟ್ಟವೇ ಎರಡು ಲೀಟರ್ ಮುಟ್ಟುವುದಿಲ್ಲ. ಆ ನಿಯಮ ಅವರ ಅಳತೆಯದಲ್ಲ.

ಡಿಎಲ್‌ಸಿಓ ಪರೀಕ್ಷೆ ಯಾಕೆ ಮತ್ತೊಂದು?

ಎಫ್‌ಇವಿ1 ಗಾಳಿ ಓಡಾಡುವ ದಾರಿಯನ್ನು ಹೇಳುತ್ತದೆ. ಗಾಳಿಯಿಂದ ರಕ್ತಕ್ಕೆ ಅನಿಲ ದಾಟುತ್ತದೋ ಇಲ್ಲವೋ ಎನ್ನುವುದನ್ನು ಹೇಳುವುದು ಡಿಎಲ್‌ಸಿಓ. ಎಫ್‌ಇವಿ1 ಚೆನ್ನಾಗಿದ್ದೂ ಡಿಎಲ್‌ಸಿಓ ಕುಸಿದಿರುವವರು ಸಾಕಷ್ಟಿದ್ದಾರೆ, ಅದರಲ್ಲೂ ಶ್ವಾಸಕೋಶ ನಾರುಗಟ್ಟಿದವರು ಮತ್ತು ಮೊದಲೇ ಕೀಮೋಥೆರಪಿ ಆದವರು. ಎರಡಕ್ಕೂ ಪಾಲಿನ ಲೆಕ್ಕ ಒಂದೇ ರೀತಿ ಹಾಕಬಹುದು; ಹಾಗೆ ಬರುವುದು ಡಿಎಲ್‌ಸಿಓದ ಪಿಪಿಓ.

ರಕ್ತಹೀನತೆ ಇದ್ದರೆ ಡಿಎಲ್‌ಸಿಓ ಸುಳ್ಳಾಗಿ ಇಳಿಯುತ್ತದೆ. ಹಿಮೋಗ್ಲೋಬಿನ್ 9 ಇರುವ ಹೆಂಗಸಿಗೆ ತಿದ್ದುಪಡಿ ಸುಮಾರು 1.2 ಪಟ್ಟು: ಶೇ. 50 ಎಂದು ಬಂದದ್ದು ನಿಜದಲ್ಲಿ ಶೇ. 60. ನಮ್ಮ ಕಡೆ ಹಿಮೋಗ್ಲೋಬಿನ್ ಕಡಿಮೆ ಇರುವುದು ಅಪರೂಪವಲ್ಲ, ಹಾಗಾಗಿ ಪರೀಕ್ಷೆಗೆ ಹೋಗುವಾಗ ಆ ವಾರದ ರಕ್ತದ ರಿಪೋರ್ಟ್ ಕೈಯಲ್ಲಿರಲಿ. ಅವತ್ತು ಬೀಡಿ, ಸಿಗರೇಟು ಮುಟ್ಟಬಾರದು; ಅದರ ಕಾರ್ಬನ್ ಮೊನಾಕ್ಸೈಡ್ ನೇರವಾಗಿ ಅಳತೆಯನ್ನು ಕೆಡಿಸುತ್ತದೆ.

ಪರ್ಫ್ಯೂಷನ್ ಸ್ಕ್ಯಾನ್‌ನಲ್ಲಿ ಏನು ಮಾಡುತ್ತಾರೆ? ನೋವಾಗುತ್ತದೆಯೇ?

ಶ್ವಾಸಕೋಶದ ಯಾವ ಭಾಗಕ್ಕೆ ಎಷ್ಟು ರಕ್ತ ಹರಿಯುತ್ತದೆ ಎಂದು ತೋರಿಸುವ ಸ್ಕ್ಯಾನ್ ಇದು; ಪಾಲಿನ ಲೆಕ್ಕ ಅದರಿಂದ ಸಿಗುತ್ತದೆ. ನೋವು ಒಂದು ಸೂಜಿಯಷ್ಟೆ. ಆಲ್ಬುಮಿನ್ ಎಂಬ ಪ್ರೋಟೀನಿನ ಸಣ್ಣ ಕಣಗಳಿಗೆ ಟೆಕ್ನೀಷಿಯಂ-99ಎಂ ಎಂಬ ವಿಕಿರಣ ಸೂಸುವ ವಸ್ತು ಅಂಟಿಸಿ ಕೈ ನರಕ್ಕೆ ಕೊಡುತ್ತಾರೆ. ಕಣಗಳ ಗಾತ್ರ ಹೆಚ್ಚುಕಡಿಮೆ 10ರಿಂದ 90 ಮೈಕ್ರಾನ್. ಅವು ಹೃದಯದ ಬಲಭಾಗ ದಾಟಿ ಶ್ವಾಸಕೋಶದ ಕೂದಲೆಳೆಯಂಥ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ರಕ್ತ ಎಲ್ಲಿ ಹೆಚ್ಚು ಹರಿಯುತ್ತದೋ ಅಲ್ಲಿ ಕಣ ಹೆಚ್ಚು, ಅಲ್ಲಿಂದ ಕ್ಯಾಮೆರಾಕ್ಕೆ ಸಿಗುವ ಎಣಿಕೆಯೂ ಹೆಚ್ಚು. ರಕ್ತನಾಳ ಮುಚ್ಚಿಹೋಗುತ್ತದೆ ಎಂದು ಹೆದರುವವರಿದ್ದಾರೆ: ಸಾವಿರಕ್ಕೆ ಒಂದೂ ಮುಚ್ಚುವುದಿಲ್ಲ, ಕೆಲವು ಗಂಟೆಗಳಲ್ಲಿ ಕಣಗಳು ಕರಗಿ ಹೋಗುತ್ತವೆ. ವಿಕಿರಣದ ಪ್ರಮಾಣ ಸುಮಾರು 1ರಿಂದ 2 ಮಿಲಿಸೀವರ್ಟ್.

ಕೊಡುವವರು ಗಮನಿಸಬೇಕಾದದ್ದು ಹೆಚ್ಚು. ಕಣಗಳು ಸಿರಿಂಜಿನ ತಳಕ್ಕೆ ಕೂರುತ್ತವೆ, ಚುಚ್ಚುವ ಮುನ್ನ ಮೆಲ್ಲಗೆ ಮೇಲೆ ಕೆಳಗೆ ತಿರುಗಿಸಬೇಕು. ನರ ಸಿಕ್ಕಿತೋ ನೋಡಲು ಸಿರಿಂಜಿಗೆ ರಕ್ತ ಎಳೆದುಕೊಳ್ಳಬಾರದು. ಎಳೆದರೆ ಸಣ್ಣ ಹೆಪ್ಪು ಕಟ್ಟಿ, ಕಣಗಳೆಲ್ಲ ಅದಕ್ಕೆ ಅಂಟಿ, ಚಿತ್ರದಲ್ಲಿ ಉರಿಯುವ ಕೆಂಡದಂಥ ಚುಕ್ಕೆಗಳು ಬರುತ್ತವೆ. ಆ ಚುಕ್ಕೆ ಬಿದ್ದ ಹಾಲೆಯ ಪಾಲು ಸುಳ್ಳಾಗಿ ಏರುತ್ತದೆ. ರೋಗಿ ಅಂಗಾತ ಮಲಗಿರಬೇಕು, ಒಂದೆರಡು ಸಲ ಕೆಮ್ಮಿ ಆಳವಾಗಿ ಉಸಿರಾಡಬೇಕು, ಔಷಧಿ ನಿಧಾನವಾಗಿ ಹೋಗಬೇಕು. ಕೂತಿದ್ದಾಗ ಕೊಟ್ಟರೆ ಭೂಮಿಯ ಸೆಳೆತಕ್ಕೆ ರಕ್ತ ಕೆಳಗಿನ ಹಾಲೆಗಳಿಗೆ ಇಳಿದು, ಮೇಲಿನ ಹಾಲೆ ಕೆಲಸಕ್ಕೆ ಬಾರದ್ದು ಎಂಬ ಚಿತ್ರ ಮೂಡುತ್ತದೆ. ಸಾಮಾನ್ಯವಾಗಿ ಕಣಗಳ ಸಂಖ್ಯೆ 2ರಿಂದ 7 ಲಕ್ಷ. ಶ್ವಾಸಕೋಶದ ರಕ್ತದೊತ್ತಡ ಹೆಚ್ಚಿದ್ದರೆ ಅಥವಾ ಹೃದಯದಲ್ಲಿ ಬಲದಿಂದ ಎಡಕ್ಕೆ ಸೋರುವ ರಂಧ್ರವಿದ್ದರೆ 1ರಿಂದ 2 ಲಕ್ಷಕ್ಕೆ ಇಳಿಸುತ್ತಾರೆ. ಇವೆರಡರಲ್ಲಿ ಯಾವುದಾದರೂ ಇದ್ದರೆ, ಗರ್ಭಿಣಿಯಾಗಿದ್ದರೆ, ಹಾಲುಣಿಸುತ್ತಿದ್ದರೆ ಸೂಜಿಗೆ ಮೊದಲೇ ಹೇಳಬೇಕು.

ಮುಂದಿನಿಂದ ಒಂದು ಚಿತ್ರ, ಹಿಂದಿನಿಂದ ಒಂದು. ಎರಡು ಯಾಕೆ?

ಎದೆಯ ಮುಂಭಾಗದಲ್ಲಿ ಎಡಕ್ಕೆ ಹೃದಯ ಕೂತಿದೆ, ಎಡ ಶ್ವಾಸಕೋಶದ ಎಣಿಕೆಯನ್ನು ಅದು ನುಂಗುತ್ತದೆ. ಹಿಂದಿನಿಂದ ನೋಡಿದರೆ ಬೆನ್ನಿಗೆ ಹತ್ತಿರವಿರುವ ಭಾಗಗಳು ಹೆಚ್ಚು ಹೊಳೆಯುತ್ತವೆ. ಅದಕ್ಕೆ ಎರಡನ್ನೂ ಗುಣಿಸಿ ವರ್ಗಮೂಲ ತೆಗೆಯುತ್ತಾರೆ.

ಒಂದು ಉದಾಹರಣೆ. ಎಡ: ಮುಂದಿನಿಂದ 42,000, ಹಿಂದಿನಿಂದ 58,000. ಬಲ: ಮುಂದಿನಿಂದ 1,50,000, ಹಿಂದಿನಿಂದ 1,60,000. ಎಡದ ವರ್ಗಮೂಲ ಸುಮಾರು 49,360, ಬಲದ್ದು 1,54,920. ಎಡದ ಪಾಲು ಶೇ. 24.2. ಮುಂದಿನ ಚಿತ್ರವನ್ನಷ್ಟೇ ನಂಬಿದ್ದರೆ ಶೇ. 21.9, ಹಿಂದಿನದನ್ನಷ್ಟೇ ನಂಬಿದ್ದರೆ ಶೇ. 26.6 ಬರುತ್ತಿತ್ತು.

ಇಡೀ ಶ್ವಾಸಕೋಶ ತೆಗೆಯುವ ನ್ಯುಮೊನೆಕ್ಟಮಿಗೆ ಈ ಎಡ–ಬಲ ಪಾಲು ಅತ್ಯಂತ ಉಪಯುಕ್ತ. ಗೆಡ್ಡೆ ಎಡ ಪಲ್ಮನರಿ ಅಪಧಮನಿಯನ್ನು ಹಿಸುಕಿ ಎಡಕ್ಕೆ ಶೇ. 22 ರಕ್ತವಷ್ಟೇ ಹೋಗುತ್ತಿದೆ, ಎಫ್‌ಇವಿ1 1.80 ಲೀಟರ್, ಇರಬೇಕಾದದ್ದು 2.60 ಎಂದುಕೊಳ್ಳಿ. ಸೆಗ್ಮೆಂಟ್ ಎಣಿಸಿದರೆ ಉಳಿಯುವುದು 1.80 × 10/19 = 0.95 ಲೀಟರ್, ಶೇ. 36. ಸ್ಕ್ಯಾನ್ ಪ್ರಕಾರ 1.80 × 0.78 = 1.40 ಲೀಟರ್, ಶೇ. 54. ಆ ಶ್ವಾಸಕೋಶದ ದುಡಿಮೆಯನ್ನು ರೋಗವೇ ಬಹಳಷ್ಟು ಕಸಿದುಕೊಂಡಿದೆ, ಸರ್ಜನ್ ಕಸಿಯುವುದು ಇನ್ನು ಸ್ವಲ್ಪವೇ.

ಅದೇ ಸ್ಕ್ಯಾನ್‌ನಿಂದ ಹಾಲೆವಾರು ಪಾಲು ಸಿಗುತ್ತದೆಯೇ?

ಸಿಗುತ್ತದೆ ಎಂದು ರಿಪೋರ್ಟಿನಲ್ಲಿ ಬರೆದಿರುತ್ತದೆ. ನಂಬುವ ಮುನ್ನ ಹೇಗೆ ಎಳೆದಿದ್ದಾರೆ ಕೇಳಿ. ಹಳೆಯ ಪದ್ಧತಿಯಲ್ಲಿ ಪ್ರತಿ ಶ್ವಾಸಕೋಶದ ಮೇಲೆ ಮೂರು ಚೌಕ ಎಳೆಯುತ್ತಾರೆ: ಮೇಲೆ, ನಡುವೆ, ಕೆಳಗೆ. ಆದರೆ ಹಾಲೆಗಳು ಮಹಡಿಗಳ ಹಾಗೆ ಒಂದರ ಮೇಲೊಂದು ಕೂತಿಲ್ಲ. ಅವುಗಳ ನಡುವಿನ ಗಡಿ ಬೆನ್ನಿನ ಕಡೆ ಮೇಲಿನಿಂದ ಎದೆಯ ಕಡೆ ಕೆಳಕ್ಕೆ ಓರೆಯಾಗಿ ಇಳಿಯುತ್ತದೆ. ಕೆಳಗಿನ ಹಾಲೆಯ ತುದಿ ಬೆನ್ನಿನಲ್ಲಿ ಭುಜದ ಎಲುಬಿನ ಮಟ್ಟದವರೆಗೆ ಏರಿರುತ್ತದೆ. ಹಾಗಾಗಿ ಬಲದ ‘ನಡುವಿನ ಚೌಕ’ದಲ್ಲಿ ಮೂರೂ ಹಾಲೆಗಳ ತುಂಡು ಬೆರೆತಿರುತ್ತವೆ. ‘ಮೇಲಿನ ಚೌಕ ಶೇ. 9’ ಎನ್ನುವುದನ್ನು ‘ಮೇಲಿನ ಹಾಲೆ ಶೇ. 9’ ಎಂದು ಓದುವುದು ಈ ಕ್ಷೇತ್ರದ ಅತಿ ಸಾಮಾನ್ಯ ತಪ್ಪು.

ಪರಿಹಾರ ಸ್ಪೆಕ್ಟ್-ಸಿ.ಟಿ. ಕ್ಯಾಮೆರಾ ಸುತ್ತ ತಿರುಗಿ ಮೂರು ಆಯಾಮದ ಚಿತ್ರ ಕೊಡುತ್ತದೆ, ಸಿ.ಟಿ.ಯಲ್ಲಿ ಹಾಲೆಗಳ ನಿಜವಾದ ಗಡಿ ಗುರುತಿಸಿ ಅದರೊಳಗಿನ ಎಣಿಕೆ ತೆಗೆಯುತ್ತಾರೆ. ಸೂಜಿ ಅದೇ, ರೋಗಿ ಮೇಜಿನ ಮೇಲೆ ಸ್ವಲ್ಪ ಹೆಚ್ಚು ಹೊತ್ತು ಮಲಗಬೇಕು. ಹಾಲೆವಾರು ಪಾಲು ಬೇಕಿದ್ದರೆ ಇದನ್ನೇ ಕೇಳಿ ಪಡೆಯಿರಿ.

ಅಳೆಯುವುದು ರಕ್ತದ ಹರಿವು, ಲೆಕ್ಕ ಹಾಕುವುದು ಗಾಳಿ. ಎರಡಕ್ಕೂ ಏನು ಸಂಬಂಧ?

ಗಾಳಿ ಸರಿಯಾಗಿ ಹೋಗದ ಜಾಗಕ್ಕೆ ಶ್ವಾಸಕೋಶ ತಾನಾಗಿಯೇ ರಕ್ತ ಕಡಿಮೆ ಮಾಡುತ್ತದೆ. ಆಮ್ಲಜನಕ ಇಲ್ಲದಲ್ಲಿ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಅದಕ್ಕೇ ಒಂದರಿಂದ ಇನ್ನೊಂದನ್ನು ಊಹಿಸಬಹುದು. ಈ ಜೋಡಿ ಮುರಿಯುವ ಒಂದು ಸಂದರ್ಭ ನೆನಪಿರಲಿ: ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದ್ದರೆ ರಕ್ತ ಇಲ್ಲ, ಗಾಳಿ ಇದೆ. ಕ್ಯಾನ್ಸರ್ ಇರುವವರಲ್ಲಿ ಹೆಪ್ಪು ಕಟ್ಟುವುದು ಹೆಚ್ಚು. ಪರ್ಫ್ಯೂಷನ್ ಸ್ಕ್ಯಾನ್‌ನಲ್ಲಿ ಒಂದು ಭಾಗ ಪೂರ್ತಿ ಕಪ್ಪಾಗಿದ್ದು, ಸಿ.ಟಿ.ಯಲ್ಲಿ ಅದಕ್ಕೆ ಕಾರಣ ಕಾಣದಿದ್ದರೆ ಪಾಲು ಲೆಕ್ಕ ಹಾಕುವುದು ಬಿಟ್ಟು ಮೊದಲು ಹೆಪ್ಪು ಹುಡುಕಬೇಕು.

ಸಿ.ಟಿ. ಒಂದರಿಂದಲೇ ಲೆಕ್ಕ ಹಾಕಬಹುದೇ?

ಹಾಕಬಹುದು, ಹೇಗೂ ಗೆಡ್ಡೆಗಾಗಿ ಸಿ.ಟಿ. ಆಗಿಯೇ ಇರುತ್ತದೆ. ಸಿ.ಟಿ.ಯ ಪ್ರತಿ ಚುಕ್ಕೆಗೂ ಹೌನ್ಸ್‌ಫೀಲ್ಡ್ ಯೂನಿಟ್‌ನಲ್ಲಿ ಒಂದು ಸಾಂದ್ರತೆ ಇದೆ: ಗಾಳಿಗೆ −1000, ನೀರಿಗೆ 0. −910ಕ್ಕಿಂತ ಕೆಳಗಿದ್ದರೆ ಬರೀ ಗಾಳಿ ತುಂಬಿದ, ಗೋಡೆ ಹರಿದ ಎಂಫಿಸೀಮಾ. −500ಕ್ಕಿಂತ ಮೇಲಿದ್ದರೆ ಗೆಡ್ಡೆ, ಕುಸಿತ, ನ್ಯುಮೋನಿಯ, ರಕ್ತನಾಳ. ನಡುವಿನ −910ರಿಂದ −500 ‘ದುಡಿಯುವ ಶ್ವಾಸಕೋಶ’ ಎಂದು ಹಿಡಿದು, ತೆಗೆಯುವ ಹಾಲೆಯ ದುಡಿಯುವ ಗಾತ್ರವನ್ನು ಒಟ್ಟು ದುಡಿಯುವ ಗಾತ್ರದಿಂದ ಭಾಗಿಸುತ್ತಾರೆ. ಎಂಫಿಸೀಮಾ ಎಷ್ಟಿದೆ ಎಂದು ವರದಿ ಮಾಡಲು ಕೆಲವರು −950 ಬಳಸುತ್ತಾರೆ. ಯಾವ ಗಡಿ ಹಿಡಿದಿದ್ದಾರೆಂದು ಬರೆಯದ ರಿಪೋರ್ಟನ್ನು ಇನ್ನೊಂದರ ಜೊತೆ ಹೋಲಿಸಲಾಗದು.

ಬೀಡಿ ಸೇದಿದ ಒಬ್ಬರ ಲೆಕ್ಕ ಹೀಗೆ ಬರುತ್ತದೆ ಎನ್ನಿ. ಎಫ್‌ಇವಿ1 1.60 ಲೀಟರ್, ಇರಬೇಕಾದದ್ದು 2.40, ಅಂದರೆ ಶೇ. 67. ಬಲ ಮೇಲಿನ ಹಾಲೆ ತೆಗೆಯಬೇಕು. ಆ ಹಾಲೆಯ ಒಟ್ಟು ಗಾತ್ರ 900 ಮಿ.ಲೀ. ಅದರಲ್ಲಿ 640 ಮಿ.ಲೀ. −910ಕ್ಕಿಂತ ಕೆಳಗೆ, 44 ಮಿ.ಲೀ. ಗೆಡ್ಡೆ ಮತ್ತು ರಕ್ತನಾಳ, ದುಡಿಯುವುದು ಬರೀ 216 ಮಿ.ಲೀ. ಎರಡೂ ಶ್ವಾಸಕೋಶ ಸೇರಿ ದುಡಿಯುವುದು 3,600 ಮಿ.ಲೀ. ಪಾಲು ಶೇ. 6. ಪಿಪಿಓ 1.60 × 0.94 = 1.50 ಲೀಟರ್, ಶೇ. 63. ಸೆಗ್ಮೆಂಟ್ ಎಣಿಸಿದ್ದರೆ 1.35 ಲೀಟರ್, ಶೇ. 56. ಮುಂದೆ ಹೇಳುವ ಶೇ. 60ರ ಗೆರೆಯ ಆಚೆಗೊಂದು, ಈಚೆಗೊಂದು.

ಸಿ.ಟಿ. ತೆಗೆಯುವಾಗ ಏನು ಎಚ್ಚರ ಬೇಕು?

ಉಸಿರು ಪೂರ್ತಿ ಒಳಗೆಳೆದು ಹಿಡಿದಿರಬೇಕು. ಅರ್ಧ ಉಸಿರಿನಲ್ಲಿ ತೆಗೆದರೆ ಇಡೀ ಶ್ವಾಸಕೋಶ ಸಾಂದ್ರವಾಗಿ ಕಂಡು ಎಂಫಿಸೀಮಾ ಮಾಯವಾಗುತ್ತದೆ. ಯಂತ್ರದ ಇಂಗ್ಲಿಷ್ ಅಥವಾ ಹಿಂದಿ ಧ್ವನಿಯ ಆದೇಶ ಅರ್ಥವಾಗದೆ ಅರ್ಧ ಉಸಿರಿನಲ್ಲೇ ನಿಲ್ಲುವವರು ಬೇಕಾದಷ್ಟು. ಮೇಜಿನ ಮೇಲೆ ಮಲಗಿಸುವ ಮೊದಲೇ ‘ಉಸಿರು ಪೂರ್ತಿ ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ’ ಎಂದು ಎರಡು ಸಲ ಅಭ್ಯಾಸ ಮಾಡಿಸಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು.

ಸ್ಲೈಸ್ 1ರಿಂದ 1.5 ಮಿ.ಮೀ. ಇರಲಿ. ಚಿತ್ರವನ್ನು ಎಷ್ಟು ಚೂಪಾಗಿ ಅಥವಾ ನಯವಾಗಿ ಕಟ್ಟಬೇಕೆಂಬ ಕಂಪ್ಯೂಟರ್ ಸೆಟ್ಟಿಂಗ್‌ಗೆ ಕರ್ನೆಲ್ ಎನ್ನುತ್ತಾರೆ; ಅಳತೆಗೆ ಮೃದು ಕರ್ನೆಲ್‌ನ ಚಿತ್ರ ಬೇಕು. ರೇಡಿಯಾಲಜಿಸ್ಟ್ ಓದಲು ಇಷ್ಟಪಡುವ ಚೂಪು ಕರ್ನೆಲ್‌ನಲ್ಲಿ ಗದ್ದಲ (ಮರಳು ಚೆಲ್ಲಿದಂತೆ ಕಾಣುವ ಚುಕ್ಕೆಗಳು) ಹೆಚ್ಚು, ಆ ಗದ್ದಲದಿಂದಲೇ ಆರೋಗ್ಯವಂತ ಭಾಗದ ಚುಕ್ಕೆಗಳೂ −910ರ ಕೆಳಗೆ ಜಾರಿ ಎಂಫಿಸೀಮಾ ಉಬ್ಬಿ ಕಾಣುತ್ತದೆ. ಕಾಂಟ್ರಾಸ್ಟ್ (ರಕ್ತನಾಳ ಎದ್ದು ಕಾಣಲು ನರಕ್ಕೆ ಕೊಡುವ ಅಯೋಡಿನ್ ಔಷಧಿ) ಕೊಟ್ಟ ಚಿತ್ರದಲ್ಲಿ ತದ್ವಿರುದ್ಧ: ರಕ್ತ ಬೆಳ್ಳಗಾಗಿ ಸಾಂದ್ರತೆ ಏರುತ್ತದೆ. ಅಳತೆಗೆ ಕಾಂಟ್ರಾಸ್ಟ್ ಇಲ್ಲದ ಸರಣಿಯನ್ನೇ ಆರಿಸಬೇಕು.

ಹಾಲೆಗಳನ್ನು ಸಾಫ್ಟ್‌ವೇರ್ ತಾನೇ ಬೇರ್ಪಡಿಸುತ್ತದಂತೆ. ನಂಬಬಹುದೇ?

3ಡಿ ಸ್ಲೈಸರ್, ಟೋಟಲ್‌ಸೆಗ್ಮೆಂಟೇಟರ್‌ನಂಥ ಉಚಿತ ಉಪಕರಣಗಳು ಈಗ ನಿಮಿಷಗಳಲ್ಲಿ ಐದೂ ಹಾಲೆಗಳಿಗೆ ಬಣ್ಣ ಹಚ್ಚಿ ಕೊಡುತ್ತವೆ. ಆರೋಗ್ಯವಂತ ಶ್ವಾಸಕೋಶದಲ್ಲಿ ಕೆಲಸ ಚೆನ್ನಾಗಿಯೇ ಇರುತ್ತದೆ. ಆಪರೇಷನ್‌ಗೆ ಬರುವವರ ಶ್ವಾಸಕೋಶ ಆರೋಗ್ಯವಂತವಾಗಿರುವುದಿಲ್ಲ ಎನ್ನುವುದೇ ತೊಂದರೆ. ಬಲ ಮೇಲಿನ ಮತ್ತು ನಡುವಿನ ಹಾಲೆಗಳ ನಡುವಿನ ಗಡಿ ಹುಟ್ಟಿನಿಂದಲೇ ಅಪೂರ್ಣವಾಗಿರುವವರು ತುಂಬಾ ಜನ; ಅಲ್ಲಿ ಸಾಫ್ಟ್‌ವೇರ್ ಊಹೆಯ ಮೇಲೆ ಗೆರೆ ಎಳೆಯುತ್ತದೆ. ಕುಸಿದ ಹಾಲೆಯನ್ನು ಎದೆಗೋಡೆಯೆಂದು ಭಾವಿಸಿ ಬಿಟ್ಟೇಬಿಡುತ್ತದೆ. ಎಷ್ಟೋ ಸಲ ದೊಡ್ಡ ಗೆಡ್ಡೆಯನ್ನೂ ಹಾಗೆಯೇ ಹೊರಗೆ ಹಾಕುತ್ತದೆ.

ಪಕ್ಕದಿಂದ ಕತ್ತರಿಸಿದಂತೆ ಕಾಣುವ ಸ್ಯಾಜಿಟಲ್ ನೋಟ ತೆರೆದು, ಬಣ್ಣದ ಗಡಿ ನಿಜವಾದ ಓರೆ ಗೆರೆಯ ಮೇಲೆ ಕೂತಿದೆಯೇ ಎಂದು ಕಣ್ಣಾಡಿಸಲು ಐದು ನಿಮಿಷ ಸಾಕು. ಆ ಐದು ನಿಮಿಷ ಉಳಿಸಿದವರ ಸಂಖ್ಯೆಯನ್ನು ನಾವು ಒಪ್ಪುವುದಿಲ್ಲ.

ಹಳೆಯ ಕ್ಷಯದಿಂದ ಒಂದು ಶ್ವಾಸಕೋಶ ಪೂರ್ತಿ ಹಾಳಾಗಿದೆ, ಕೆಮ್ಮಿದರೆ ರಕ್ತ ಬರುತ್ತದೆ. ಈ ಲೆಕ್ಕ ನಮಗೂ ಅನ್ವಯಿಸುತ್ತದೆಯೇ?

ಅನ್ವಯಿಸುತ್ತದೆ. ನಿಯಮಗಳನ್ನು ಬರೆದವರ ಮನಸ್ಸಿನಲ್ಲಿದ್ದದ್ದು ಕ್ಯಾನ್ಸರ್, ಆದರೆ ನಮ್ಮ ದೇಶದ ಎದೆರೋಗ ಆಸ್ಪತ್ರೆಗಳಲ್ಲಿ ಕ್ಷಯದ ನಂತರದ ಹಾಳಾದ ಶ್ವಾಸಕೋಶ, ಗುಳಿಯೊಳಗೆ ಬೆಳೆದ ಶಿಲೀಂಧ್ರದ ಉಂಡೆ, ಶ್ವಾಸನಾಳಗಳು ಹಿಗ್ಗಿ ಕಫ ನಿಲ್ಲುವ ಬ್ರಾಂಕಿಯೆಕ್ಟೇಸಿಸ್ ಇವೆಲ್ಲವೂ ಆಪರೇಷನ್‌ಗೆ ಬರುತ್ತವೆ. ಹಾಳಾದ ಕಡೆಯ ಪಾಲು ಪರ್ಫ್ಯೂಷನ್ ಸ್ಕ್ಯಾನ್‌ನಲ್ಲಿ ಬಹುಪಾಲು ಶೂನ್ಯಕ್ಕೆ ಹತ್ತಿರವೇ ಇರುತ್ತದೆ. ‘ಒಂದು ಶ್ವಾಸಕೋಶ ತೆಗೆದರೆ ಅರ್ಧ ಉಸಿರು ಹೋಯಿತು’ ಎಂದು ಮನೆಯವರು ಹೆದರುತ್ತಾರೆ; ಇಂಥವರಲ್ಲಿ ಆ ಅರ್ಧ ವರ್ಷಗಳ ಹಿಂದೆಯೇ ಹೋಗಿರುತ್ತದೆ.

ಆದರೆ ಪಿಪಿಓ ಚೆನ್ನಾಗಿದೆ ಎಂದು ನಿಶ್ಚಿಂತರಾಗಬೇಡಿ. ಇಂಥ ಶ್ವಾಸಕೋಶಕ್ಕೆ ಎದೆಗೋಡೆಯಿಂದ ಮತ್ತು ಶ್ವಾಸನಾಳಗಳಿಗೆ ರಕ್ತ ಕೊಡುವ ಬ್ರಾಂಕಿಯಲ್ ಅಪಧಮನಿಗಳಿಂದ ಹೊಸ ರಕ್ತನಾಳಗಳು ಬೆಳೆದಿರುತ್ತವೆ. ಕೈ ನರದಿಂದ ಹೋದ ಕಣಗಳು ಆ ನಾಳಗಳನ್ನು ತಲುಪುವುದೇ ಇಲ್ಲ, ಸ್ಕ್ಯಾನ್‌ನಲ್ಲಿ ಕಾಣುವುದೂ ಇಲ್ಲ. ಆಪರೇಷನ್ ಮೇಜಿನ ಮೇಲೆ ರಕ್ತ ಸುರಿಯುವುದು ಅವುಗಳಿಂದಲೇ. ಅದಕ್ಕೆ ಬೇರೆಯೇ ತಯಾರಿ ಬೇಕು, ಕಾಂಟ್ರಾಸ್ಟ್ ಸಿ.ಟಿ. ಆಂಜಿಯೋಗ್ರಾಂ ಬೇಕು. ಉಳಿಯುವ ಕಡೆಯಲ್ಲೂ ಹಳೆಯ ಕಲೆಗಳಿದ್ದರೆ ಅದನ್ನೂ ಅಷ್ಟೇ ಗಮನದಿಂದ ಓದಬೇಕು.

ಎಂ.ಆರ್.ಐ., ಕ್ಸೆನಾನ್, ಡ್ಯುಯಲ್ ಎನರ್ಜಿ ಸಿ.ಟಿ.: ಇವೆಲ್ಲ ಬೇಕೇ?

ಬಹುತೇಕರಿಗೆ ಬೇಡ. ಡ್ಯುಯಲ್ ಎನರ್ಜಿ ಸಿ.ಟಿ. ಎರಡು ಶಕ್ತಿಯ ಎಕ್ಸ್‌-ರೇಯಿಂದ ಕಾಂಟ್ರಾಸ್ಟ್‌ನ ಅಯೋಡಿನ್ ಎಲ್ಲೆಲ್ಲಿ ಹರಡಿದೆ ಎಂದು ತೋರಿಸುತ್ತದೆ. ಯಂತ್ರ ಇರುವ ಕಡೆ ಪರ್ಫ್ಯೂಷನ್ ಸ್ಕ್ಯಾನ್‌ನ ಕೆಲಸವನ್ನು ಅದೇ ಮಾಡಬಹುದು. ಹೈಪರ್‌ಪೋಲರೈಸ್ಡ್ ಕ್ಸೆನಾನ್-129 ಅನಿಲ ಎಳೆದುಕೊಂಡು ತೆಗೆಯುವ ಎಂ.ಆರ್.ಐ. ವಿಕಿರಣವಿಲ್ಲದೆ ಗಾಳಿಯ ಹಂಚಿಕೆ ತೋರಿಸುತ್ತದೆ, ಅಮೆರಿಕದಲ್ಲಿ 2022ರ ಡಿಸೆಂಬರ್‌ನಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಚಿತ್ರ ಸುಂದರ. ಆದರೆ ಸರಿಯಾಗಿ ಊದಿದ ಸ್ಪೈರೋಮೆಟ್ರಿ ಮತ್ತು ಜಾಗರೂಕತೆಯ ಸ್ಪೆಕ್ಟ್-ಸಿ.ಟಿ. ಇದ್ದಲ್ಲಿ ತೀರ್ಮಾನ ಬದಲಾಗುವುದು ಕಡಿಮೆ.

ಪಿಪಿಓ ಎಷ್ಟಿದ್ದರೆ ಆಪರೇಷನ್ ಮಾಡುತ್ತಾರೆ?

ಅಮೆರಿಕದ ಎದೆರೋಗ ತಜ್ಞರ ಸಂಸ್ಥೆಯ 2013ರ ಮಾರ್ಗಸೂಚಿಯ ಪ್ರಕಾರ ಎಫ್‌ಇವಿ1 ಮತ್ತು ಡಿಎಲ್‌ಸಿಓ ಎರಡರ ಪಿಪಿಓ ಶೇ. 60ಕ್ಕಿಂತ ಮೇಲಿದ್ದರೆ ಮುಂದಿನ ಪರೀಕ್ಷೆ ಬೇಡ. ಯಾವುದಾದರೂ ಒಂದು 30ರಿಂದ 60ರ ನಡುವೆ ಇದ್ದರೆ ಮೆಟ್ಟಿಲು ಹತ್ತಿಸುತ್ತಾರೆ ಅಥವಾ ಷಟಲ್ ನಡಿಗೆ (ಎರಡು ಗುರುತುಗಳ ನಡುವೆ ಬೀಪ್ ಸದ್ದಿಗೆ ತಕ್ಕಂತೆ ವೇಗ ಹೆಚ್ಚಿಸುತ್ತ ಹೋಗಿಬರುವುದು) ಮಾಡಿಸುತ್ತಾರೆ. 22 ಮೀಟರ್ ಎತ್ತರ ಹತ್ತಿದರೆ ಅಥವಾ 400 ಮೀಟರ್ ನಡೆದರೆ ಸರಿ. ಅದು ಆಗದಿದ್ದರೆ, ಅಥವಾ ಒಂದು ಪಿಪಿಓ ಶೇ. 30ಕ್ಕಿಂತ ಕೆಳಗಿದ್ದರೆ, ಸೈಕಲ್ ತುಳಿಸಿ ಆಮ್ಲಜನಕದ ಬಳಕೆ ಅಳೆಯುವ ಸಿಪಿಇಟಿ. ಅದರಲ್ಲಿ ದೇಹತೂಕದ ಪ್ರತಿ ಕೆ.ಜಿ.ಗೆ ನಿಮಿಷಕ್ಕೆ 20 ಮಿ.ಲೀ. ಮೇಲಿದ್ದರೆ ಅಪಾಯ ಕಡಿಮೆ, 10ರ ಕೆಳಗಿದ್ದರೆ ಹೆಚ್ಚು. ಯುರೋಪಿನ 2009ರ ಮಾರ್ಗಸೂಚಿಯಲ್ಲಿ ದಾರಿ ಬೇರೆ: ಆಪರೇಷನ್‌ಗೆ ಮೊದಲಿನ ಎಫ್‌ಇವಿ1 ಅಥವಾ ಡಿಎಲ್‌ಸಿಓ ಶೇ. 80ಕ್ಕಿಂತ ಕಡಿಮೆ ಇದ್ದರೆ ಬೇಗನೆ ಸಿಪಿಇಟಿಗೆ ಕಳಿಸುತ್ತಾರೆ.

ಶೇ. 29 ಬಂತು ಎಂದರೆ ಬಾಗಿಲು ಮುಚ್ಚಿತು ಎಂದಲ್ಲ. ಮೇಲಿನ ಹಾಲೆಯಲ್ಲೇ ಎಂಫಿಸೀಮಾ, ಅಲ್ಲೇ ಗೆಡ್ಡೆ ಇದ್ದರೆ ಅದನ್ನು ತೆಗೆದ ಮೇಲೆ ಹಿಸುಕಿಕೊಂಡಿದ್ದ ಕೆಳಗಿನ ಹಾಲೆ ಅರಳಿ, ಎಫ್‌ಇವಿ1 ಇಳಿಯದೆಯೂ ಇರಬಹುದು, ಏರಲೂಬಹುದು.

ಆಪರೇಷನ್ ಆಗಿ ಐದು ದಿನ. ಊದಿಸಿದರೆ ಹೇಳಿದ್ದಕ್ಕಿಂತ ತುಂಬಾ ಕಡಿಮೆ ಬಂತು. ಲೆಕ್ಕ ತಪ್ಪಿತೇ?

ಇಲ್ಲ. ಪಿಪಿಓ ಹೇಳುವುದು ಮೂರರಿಂದ ಆರು ತಿಂಗಳ ನಂತರದ ಸ್ಥಿತಿಯನ್ನು. ಮೊದಲ ದಿನಗಳಲ್ಲಿ ನೋವು, ಎದೆಯಲ್ಲಿ ಟ್ಯೂಬು, ಕಫ, ಮಂಕಾದ ವಪೆ (ಎದೆ–ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಎಲ್ಲ ಸೇರಿ ಉಸಿರು ಅಂದಾಜಿಗಿಂತ ಬಹಳ ಕೆಳಗೆ ಇರುತ್ತದೆ. ತೊಡಕುಗಳು ಬರುವುದೂ ಆ ದಿನಗಳಲ್ಲೇ. ಚಿತ್ರದಿಂದ ಹಾಕುವ ಲೆಕ್ಕದ ದೊಡ್ಡ ಕೊರತೆ ಇದು: ಅಪಾಯದ ವಾರದ ಬಗ್ಗೆ ಅದು ಏನೂ ಹೇಳುವುದಿಲ್ಲ.

ಆರು ತಿಂಗಳ ಹೊತ್ತಿಗೆ ಉಳಿದ ಹಾಲೆಗಳು ಹಿಗ್ಗಿ ಜಾಗ ತುಂಬುತ್ತವೆ. ಲೋಬೆಕ್ಟಮಿ, ಅಂದರೆ ಒಂದು ಹಾಲೆ ತೆಗೆಯುವ ಆಪರೇಷನ್, ಆದವರಲ್ಲಿ ನಿಜವಾದ ಸಂಖ್ಯೆ ಅಂದಾಜಿಗಿಂತ ಮೇಲೆ ಬರುವುದೇ ಹೆಚ್ಚು. ಆಗಲೂ ತೀರಾ ಕೆಳಗಿದ್ದರೆ ಕಾರಣ ಹುಡುಕಬೇಕು: ವಪೆಯ ನರಕ್ಕೆ ಪೆಟ್ಟಾಗಿರಬಹುದು, ಎದೆಯಲ್ಲಿ ನೀರು ನಿಂತಿರಬಹುದು. ಮೇಲಿನ ಹಾಲೆ ತೆಗೆದ ಮೇಲೆ ಉಳಿದ ಹಾಲೆ ಮೇಲಕ್ಕೆ ಸರಿದು ಅದರ ಶ್ವಾಸನಾಳ ನೀರಿನ ಪೈಪು ಮಡಿಚಿದಂತೆ ಮಡಿಚಿಕೊಂಡಿರಲೂಬಹುದು.

ಇಡೀ ಹಾಲೆಯ ಬದಲು ಒಂದೇ ಸೆಗ್ಮೆಂಟ್ ತೆಗೆದರೆ ಉಸಿರು ತುಂಬಾ ಉಳಿಯುತ್ತದಲ್ಲವೇ?

ಅಂದುಕೊಂಡಷ್ಟಲ್ಲ. ಜಪಾನಿನಲ್ಲಿ 2 ಸೆಂ.ಮೀ. ಒಳಗಿನ ಗೆಡ್ಡೆಯ 1,106 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಜೆಸಿಒಜಿ0802 ಅಧ್ಯಯನದಲ್ಲಿ ಒಂದು ವರ್ಷದ ನಂತರ ಎಫ್‌ಇವಿ1 ಲೋಬೆಕ್ಟಮಿಯವರಲ್ಲಿ ಶೇ. 12.0, ಸೆಗ್ಮೆಂಟೆಕ್ಟಮಿಯವರಲ್ಲಿ ಶೇ. 8.5 ಇಳಿದಿತ್ತು. ಅಂತರ ಶೇ. 3.5. ಉಸಿರು ಅಂಚಿನಲ್ಲಿರುವವರಿಗೆ ಅದೂ ಮುಖ್ಯವೇ. ಆದರೆ ಸೆಗ್ಮೆಂಟೆಕ್ಟಮಿಯನ್ನು ಆರಿಸಲು ಗೆಡ್ಡೆಯ ಗಾತ್ರ ಮತ್ತು ಜಾಗ ಒಪ್ಪಬೇಕು.

ಸಂಖ್ಯೆಯನ್ನು ಸುಧಾರಿಸಲು ನಾವೇನಾದರೂ ಮಾಡಬಹುದೇ?

ಪಾಲನ್ನು ಬದಲಿಸಲಾಗದು, ಇವತ್ತಿನ ಎಫ್‌ಇವಿ1 ಅನ್ನು ಸ್ವಲ್ಪ ಏರಿಸಬಹುದು. ಬೀಡಿ, ಸಿಗರೇಟು ಇವತ್ತೇ ನಿಲ್ಲಿಸಿ. ಸೌದೆ ಒಲೆಯ ಹೊಗೆಯಲ್ಲಿ ಅಡುಗೆ ಮಾಡುವ ಹೆಂಗಸರಲ್ಲಿ ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ರೋಗ) ಎಷ್ಟೋ ಸಲ ಪತ್ತೆಯೇ ಆಗಿರುವುದಿಲ್ಲ. ಅವರಿಗೆ ಇನ್‌ಹೇಲರ್ ಶುರು ಮಾಡಿ, ಸರಿಯಾಗಿ ಎಳೆಯುವುದನ್ನು ಕಲಿಸಿ, ಎರಡರಿಂದ ನಾಲ್ಕು ವಾರ ಬಿಟ್ಟು ಮತ್ತೆ ಊದಿಸಬೇಕು. ಕಫ ಹೊರತೆಗೆಯುವ ಫಿಸಿಯೋಥೆರಪಿ, ದಿನಾ ನಡಿಗೆ, ಮೆಟ್ಟಿಲು ಈ ವಾರಗಳಲ್ಲೇ ನಡೆಯಲಿ. ಆಪರೇಷನ್‌ಗೆ ಮೊದಲು ಕೀಮೋಥೆರಪಿ ಆದರೆ ಡಿಎಲ್‌ಸಿಓ ಇಳಿದಿರಬಹುದು, ಹಳೆಯ ಸಂಖ್ಯೆ ಬಿಟ್ಟು ಹೊಸದಾಗಿ ಮಾಡಿಸಿ.

ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ಏನೇನು ತೆಗೆದುಕೊಂಡು ಹೋಗಬೇಕು?

ಪ್ಲಾಸ್ಟಿಕ್ ಫಿಲ್ಮಿನಿಂದ ಯಾರೂ ಗಾತ್ರ ಅಳೆಯಲಾರರು. ಸಿ.ಟಿ.ಯ ಸಿ.ಡಿ. ಅಥವಾ ಪೆನ್‌ಡ್ರೈವ್ ಬೇಕು, ಅದರಲ್ಲಿ ಡೈಕಾಂ (ಸ್ಕ್ಯಾನ್ ಯಂತ್ರದ ಮೂಲ ಫೈಲ್) ರೂಪದ ತೆಳು ಸ್ಲೈಸ್‌ಗಳಿರಬೇಕು. ಹಲವು ಸೆಂಟರ್‌ಗಳು 5 ಮಿ.ಮೀ. ದಪ್ಪದ್ದನ್ನಷ್ಟೇ ಹಾಕಿಕೊಟ್ಟು ತೆಳು ಸ್ಲೈಸ್‌ಗಳನ್ನು ಕೆಲವು ವಾರಗಳಲ್ಲಿ ಅಳಿಸಿಬಿಡುತ್ತವೆ, ಹಾಗಾಗಿ ಸ್ಕ್ಯಾನ್ ಆದ ದಿನವೇ ಕೇಳಿ. ಪರ್ಫ್ಯೂಷನ್ ಸ್ಕ್ಯಾನ್ ಆಗಿದ್ದರೆ ಬಣ್ಣದ ಪ್ರಿಂಟ್ ಸಾಲದು, ಮುಂದಿನ–ಹಿಂದಿನ ಎಣಿಕೆಗಳ ಪಟ್ಟಿಯೂ ಬೇಕು. ಸ್ಪೈರೋಮೆಟ್ರಿಯ ಮೂರೂ ಊದಿನ ಗೆರೆ ಇರುವ ಹಾಳೆ, ಆ ವಾರದ ಹಿಮೋಗ್ಲೋಬಿನ್, ಮತ್ತು ಯಾವ ಹಾಲೆ ತೆಗೆಯಬೇಕೆಂದು ಸರ್ಜನ್ ಬರೆದ ಚೀಟಿ. ಇಷ್ಟಿದ್ದರೆ ಬೇರೆ ಊರಿನ ವೈದ್ಯರು ಅರ್ಧ ಗಂಟೆಯಲ್ಲಿ ಲೆಕ್ಕವನ್ನು ಮೊದಲಿನಿಂದ ಹಾಕಿ ನೋಡಬಲ್ಲರು.